ಟೈ ಕಟ್ಟಿದ ಗುತ್ತಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಂಥ ಊರುಗಳು ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡ ಔಷಧ ಮಾರಾಟ ಪ್ರತಿನಿಧಿಗೆ ‘ಎಕ್ಸ್‌ಸ್ಟೇಷನ್’ಗಳು, ಎಂದರೆ ಸ್ಯಾಂಪಲ್ ಮಾತ್ರೆಗಳ ಬ್ಯಾಗು ಹೊತ್ತು ಬೆಳಿಗ್ಗೆ ಹೋಗಿ, ಕೊನೆಯ ರೋಗಿ ಎದ್ದುಹೋಗುವವರೆಗೆ ವೈದ್ಯರ ಬಾಗಿಲಲ್ಲಿ ಕಾದು, ಅದೇ ದಿನ ಮರಳಬೇಕಾದ ಸ್ಥಳಗಳು. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳ ಈ ಸೀಮೆಗೆ ಗುತ್ತಿಗೆ ದುಡಿಮೆ ಹೊಸದಲ್ಲವಾದರೂ, ಟೈ ಕಟ್ಟಿದವರನ್ನು ಕಾರ್ಮಿಕರೆಂದು ಎಣಿಸುವ ರೂಢಿ ಇಲ್ಲಿಲ್ಲ; ಬಹಳ ಸಲ ಅವರೂ ಹಾಗೆ ಎಣಿಸಿಕೊಳ್ಳುವುದಿಲ್ಲ. ಕಾನೂನು ಮಾತ್ರ ಎಣಿಸಿದೆ: 1976ರ ಮಾರಾಟ ಪ್ರವರ್ತನ ನೌಕರರ ಕಾಯ್ದೆ ಅವರಿಗೆ ನೇಮಕಪತ್ರವನ್ನು ಕಡ್ಡಾಯಗೊಳಿಸಿ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆಯನ್ನೂ ಕೊಟ್ಟಿತು, 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಅವರನ್ನು ಕಾರ್ಮಿಕರ ವ್ಯಾಖ್ಯೆಯಲ್ಲಿಯೇ ಇಟ್ಟಿದೆ. ಆದರೆ ಅದೇ ಸಂಹಿತೆ ಒಪ್ಪಿದ ನಿಗದಿತ ಅವಧಿಯ ನೇಮಕಾತಿಯಲ್ಲಿ, ಅವಧಿ ಮುಗಿದು ಕೆಲಸ ಹೋದರೆ ಅದು ಉದ್ಯೋಗ ಕಡಿತವೆನಿಸುವುದಿಲ್ಲ; ಒತ್ತಡಕ್ಕೆ ಮಣಿದು ಬರೆದುಕೊಟ್ಟ ರಾಜೀನಾಮೆಯೂ ಕಾಗದದ ಮೇಲೆ ಸ್ವಇಚ್ಛೆಯದೇ ಆಗಿಬಿಡುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ನೇಮಕಪತ್ರವನ್ನು ತೆರೆದು ಓದುವುದು ಒಳ್ಳೆಯದು.