ಮೌನವನ್ನು ಕಾಯುವ ಊರು

ನಮ್ಮ ಹುಲಿಯೂರುದುರ್ಗದ ಬೆಟ್ಟಗಳಲ್ಲೊಂದರ ಹೆಸರು ಹೇಮಗಿರಿ. ಹೇಮವೆಂದರೆ ಚಿನ್ನ, ಹಿಮವೆಂದರೆ ಮಂಜು. ಗಿರಿಯೂ ಅದ್ರಿಯೂ ಒಂದೇ ಅರ್ಥದ ಮಾತುಗಳು. ಆದಕಾರಣ ‘ಹಿಮಾದ್ರಿ’ ಎಂಬ ಹೆಸರು ದುರ್ಗದವರ ಕಿವಿಗೆ ನೆಂಟರ ಮನೆಯ ಹೆಸರಿನಂತೆ ಕೇಳಿಸಿದರೆ ಸೋಜಿಗವಿಲ್ಲ. ಆದರೆ ಆ ನೆಂಟರ ಮನೆ ಇರುವುದು ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನೀ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ. 2008ರ ಜುಲೈ 1ರಂದು ಭಾರತವು ಅಲ್ಲಿ ತೆರೆದ ಸಂಶೋಧನಾ ಕೇಂದ್ರವೇ ಹಿಮಾದ್ರಿ.

ಊರೆಂದರೆ ಎಂಥ ಊರು! ಬೇಸಗೆಯಲ್ಲಿ ನೂರನ್ನು ಮೀರುವ ಜನಸಂಖ್ಯೆ ಚಳಿಗಾಲದಲ್ಲಿ 40ರ ಆಸುಪಾಸಿಗೆ ಇಳಿಯುತ್ತದೆ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಫೆಬ್ರವರಿ ನಡುವಿನವರೆಗೆ ಮುಖ ತೋರಿಸುವುದಿಲ್ಲ. ನಮ್ಮಲ್ಲಿ ಹುಲಿ ಊರಿನ ಹೆಸರಿನಲ್ಲಷ್ಟೇ ಉಳಿದಿದೆ. ಅಲ್ಲಿ ಹಿಮಕರಡಿ ನಿಜವಾಗಿಯೂ ಸುಳಿದಾಡುವುದರಿಂದ ಊರ ಹೊರಗೆ ಹೋಗುವವರು ಬಂದೂಕನ್ನು ಜೊತೆಗೊಯ್ಯಬೇಕು.

ಮೊದಲು ಅದು ಕಲ್ಲಿದ್ದಲಿನ ಊರಾಗಿತ್ತು. 1962ರ ನವೆಂಬರಿನಲ್ಲಿ ಗಣಿಯೊಳಗೆ ನಡೆದ ಸ್ಫೋಟದಲ್ಲಿ 21 ಮಂದಿ ಮಡಿದರು. ಗಣಿ ಸರಕಾರದ ಒಡೆತನದ್ದು. ಆ ದುರಂತದ ವಿಚಾರಣೆಯ ಬಿಸಿಗೆ ಮರುವರ್ಷ ನಾರ್ವೆಯ ಸರಕಾರವೇ ಉರುಳಿತು. ಗಣಿಯೂ ಮುಚ್ಚಿತು. ದುಡಿಮೆ ಹೋದ ಊರು ಹಾಳಾಗುವುದು ಲೋಕದ ವಾಡಿಕೆ. ಇದು ಹಾಳಾಗಲಿಲ್ಲ, ಹಲವು ದೇಶಗಳ ವಿಜ್ಞಾನಿಗಳು ಬಂದು ನೆಲೆಸಿದರು. ನೆಲವನ್ನು ಅಗೆಯುತ್ತಿದ್ದ ಊರು ಆಕಾಶಕ್ಕೆ ಕಿವಿಗೊಡುವ ಊರಾಯಿತು.

ಕಿವಿಗೊಡುವ ಊರೆಂಬುದು ಅಲಂಕಾರದ ಮಾತಲ್ಲ. ಬಹು ದೂರದ ಆಕಾಶಕಾಯಗಳಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು, ಭೂಮಿಯ ತಿರುಗುವಿಕೆಯನ್ನೂ ಖಂಡಗಳ ಸರಿದಾಟವನ್ನೂ ಅಳೆಯುವ ದೊಡ್ಡ ಆಂಟೆನಾಗಳು ಅಲ್ಲಿವೆ. ಆ ಅಲೆಗಳು ಅತಿ ಕ್ಷೀಣ. ಅದಕ್ಕಾಗಿ ಊರ ಸುತ್ತ 20 ಕಿಲೋಮೀಟರ್‌ವರೆಗೆ ವೈಫೈ ಇಲ್ಲ, ಬ್ಲೂಟೂತ್ ಇಲ್ಲ. ಬಂದವರೆಲ್ಲರೂ ತಮ್ಮ ಮೊಬೈಲಿನ ಬಾಯಿ ಕಟ್ಟಲೇಬೇಕು. ಒಬ್ಬನ ಅನುಕೂಲ ಎಲ್ಲರ ಕಿವಿಯನ್ನೂ ಕೆಡಿಸಬಹುದೆಂಬುದನ್ನು ಅರಿತ ಕಟ್ಟುಪಾಡು ಇದು.

ಈ ಮಾತಿಗೆ ಕನ್ನಡನಾಡಿನ ನಂಟೂ ಉಂಟು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಸುಳಿವನ್ನು ಅರಸುತ್ತಿದ್ದಾರೆ. ಅಂದಿನ ಜಲಜನಕದ ಅಲೆಗಳು 1,300 ಕೋಟಿಗೂ ಹೆಚ್ಚು ವರ್ಷ ಪಯಣಿಸಿ, ಹಾದಿಯುದ್ದಕ್ಕೂ ಹಿಗ್ಗಿ ಹಿಗ್ಗಿ, ನಮ್ಮ ಎಫ್.ಎಂ. ಹಾಡುಗಳು ಹರಿಯುವ ಓಣಿಗೇ ಬಂದು ನಿಂತಿವೆ. ಹಾಡಿನ ಗದ್ದಲದಲ್ಲಿ ಅವುಗಳ ಪಿಸುಮಾತು ಕೇಳುವುದೆಂತು? 2018ರಲ್ಲಿ ಅಮೆರಿಕದ ವಿಜ್ಞಾನಿಗಳು, ಆಸ್ಟ್ರೇಲಿಯದ ಮರುಭೂಮಿಯಲ್ಲಿಟ್ಟ ಉಪಕರಣದಿಂದ ಆ ಪಿಸುಮಾತನ್ನು ಕೇಳಿದೆವೆಂದು ಸಾರಿದರು. ಬೆಂಗಳೂರಿನವರು 2020ರಲ್ಲಿ ‘ಸರಸ್’ ಎಂಬ ತಮ್ಮ ಉಪಕರಣವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟು ಆಲಿಸಿದರು. ಅಂಥ ಧ್ವನಿ ಅಲ್ಲಿ ಕೇಳಲಿಲ್ಲ. 2022ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ನಮ್ಮದೊಂದು ಕೆರೆಯ ಮೌನ ಸತ್ಯಶೋಧನೆಗೆ ಒರೆಗಲ್ಲಾಯಿತು.

2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಆರ್ಕ್ಟಿಕ್ ಚಳಿಗಾಲದ ಯಾತ್ರೆ ಹೊರಟಾಗ ಅದೇ ಸಂಸ್ಥೆಯವರೂ ಹಿಮಾದ್ರಿಗೆ ಹೋದರು. ಅವರ ಕೆಲಸ ಅಲ್ಲಿನ ರೇಡಿಯೋ ಮೌನ ಎಷ್ಟು ಶುದ್ಧವೆಂದು ಅಳೆಯುವುದು. ಮೌನವನ್ನು ಹುಡುಕಿಕೊಂಡು ಹೆಪ್ಪುಗಟ್ಟುವ ಕತ್ತಲೆಗೆ ನಡೆದವರು ಅವರು!

ಮಳೆಬೆಳೆಯಂತೆಯೇ ಮೌನವೂ ಒಂದು ಸಂಪತ್ತು, ಕಾದವರಿಗಷ್ಟೇ ದಕ್ಕುವಂಥದು. ನೀ-ಓಲೆಸುಂಡ್ ಅದನ್ನು ಕಟ್ಟಳೆ ಮಾಡಿ ಕಾದುಕೊಂಡಿದೆ. ನಮ್ಮ ಕೆರೆಗಳಿಗೆ, ಬೆಟ್ಟಗಳಿಗೆ ಅಂಥ ಕಾವಲಿಲ್ಲ. ನೀರು ಬತ್ತಿದ ಕೆರೆಯನ್ನು ಕಂಡು ನಾವು ಮರುಗುತ್ತೇವೆ. ಮೌನ ಬತ್ತಿದ ಕೆರೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ಮರುಗುವುದಿಲ್ಲ. ನಾಡಿನ ಒಂದೆರಡು ಮೂಲೆಗಳನ್ನಾದರೂ ಹಾಗೆ ಕಾಯದಿದ್ದರೆ, ನಮ್ಮ ಮಕ್ಕಳು ನಕ್ಷತ್ರಗಳ ಮಾತು ಕೇಳಲು ಹೇಮಗಿರಿಯ ನಾಡನ್ನು ಬಿಟ್ಟು ಹಿಮಾದ್ರಿಯವರೆಗೂ ಹೋಗಬೇಕಾದೀತು.