ತಂತ್ರಾಂಶ ಕಲಿಕೆ ಮತ್ತು ತೊಗರಿ ನಾಡಿನ ಮಾತು

ತೊಗರಿಯ ಆವಕ, ಧಾರಣೆ, ತೇವಾಂಶಗಳೆಲ್ಲ ಅಂಕಿಗಳಲ್ಲಿ ದೊರೆಯುತ್ತವೆ. ಆದರೆ ಆಳಂದದ ರೈತನು ಒಂದು ಅಡತಿ ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಏಕೆ ಹೋದನು, ಅಫಜಲಪುರದ ಕಬ್ಬು ಬೆಳೆಗಾರನಿಗೆ ಕಾರ್ಖಾನೆಯ ಮೇಲೆ ಮುನಿಸೇಕೆ, ಜೇವರ್ಗಿಯವನು ಹತ್ತಿಯನ್ನು ಕೈಬಿಡಲು ಕಾರಣವೇನು ಎಂಬ ಸಂಗತಿಗಳು ಮಾತಿನಲ್ಲಿ ಮಾತ್ರ ಸಿಗುತ್ತವೆ. ಇಂಥ ಮಾತನ್ನು ಕ್ರಮವಾಗಿ ವಿಂಗಡಿಸಿ ಅರ್ಥೈಸುವ ವಿದ್ಯೆಗೆ ಗುಣಾತ್ಮಕ ದತ್ತಾಂಶ ವಿಶ್ಲೇಷಣೆ ಎಂದು ಹೆಸರು.

ಇದನ್ನು ಕಲಿಸಲು ಎನ್‌ವಿವೊ, ಅಟ್ಲಾಸ್ ಮೊದಲಾದ ತಂತ್ರಾಂಶಗಳಿವೆ. ಕ್ವಾಲ್‌ಕೋಡರ್ ಉಚಿತವಾಗಿಯೇ ದೊರೆಯುತ್ತದೆ. ಸಂದರ್ಶನದ ಸಾಲುಗಳಿಗೆ ವಿಷಯದ ಚೀಟಿ ಅಂಟಿಸಿ, ಒಂದೇ ಚೀಟಿಯ ಸಾಲುಗಳನ್ನು ಬೇಕೆಂದಾಗ ಒಟ್ಟುಗೂಡಿಸುವುದು ಇವುಗಳ ಮುಖ್ಯ ಉಪಯೋಗ. ಕೀರ್ದಿಯಿಂದ ಖತಾವಣಿಗೆ ಎತ್ತಿ ಬರೆಯುವ ಕ್ರಮವನ್ನು ಬಲ್ಲ ವರ್ತಕರಿಗೆ ಇದು ಅಪರಿಚಿತವೇನಲ್ಲ. ಯಾವ ಬಾಬು ಯಾವ ಖಾತೆಗೆ ಸೇರಬೇಕೆಂಬುದನ್ನು ಅಲ್ಲಿ ಗುಮಾಸ್ತನು ನಿರ್ಧರಿಸುತ್ತಾನೆ. ಇಲ್ಲಿ ವಿದ್ಯಾರ್ಥಿ ನಿರ್ಧರಿಸಬೇಕು. ಗುಂಡಿ ಒತ್ತುವುದನ್ನಷ್ಟೇ ಕಲಿಸಿದರೆ ಈ ವಿವೇಚನೆ ಬರುವುದಿಲ್ಲ.

2022ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ತಗುಲಿ ಬಹಳ ಹಾನಿಯಾಯಿತು. ಆ ಹಂಗಾಮಿನ ಕುರಿತ ಸಂದರ್ಶನಗಳಲ್ಲಿ ‘ನೆಟೆ’ ಎಂಬ ಪದವನ್ನು ಮಾತ್ರ ಹುಡುಕಿದರೆ, ‘ಗಿಡ ನಿಂತಲ್ಲೇ ಒಣಗ್ಯಾವ’ ಎನ್ನುವವನ ಅನುಭವ ಲೆಕ್ಕಕ್ಕೇ ಬಾರದು. ತೊಗರಿ, ತೊಗರಿಗೆ, ತೊಗರ್ಯಾಗ ಎಂಬ ರೂಪಗಳನ್ನು ಯಂತ್ರದ ಎಣಿಕೆ ಮೂರು ಬೇರೆ ಪದಗಳೆಂದು ಭಾವಿಸುತ್ತದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಲಿಪಿಯ ಕಡತವಂತೂ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಈ ತೊಡಕುಗಳಿಂದ ಪಾರಾಗಲು ಸಂದರ್ಶನವನ್ನು ಮೊದಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುವುದು ಸುಲಭದ ದಾರಿ. ದೊಡ್ಡ ನಷ್ಟವೂ ಅಲ್ಲಿಯೇ. ಉದ್ರಿ, ಸಾಲ ಎರಡಕ್ಕೂ ‘ಕ್ರೆಡಿಟ್’ ಎಂಬ ಒಂದೇ ಪದ ಬಿದ್ದರೆ, ಅಂಗಡಿಯ ನಂಬಿಕೆ ಯಾವುದು, ಬಡ್ಡಿಯ ಹೊರೆ ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ. ಇಂಥ ವರದಿಯನ್ನು ನಂಬಿ ಬ್ಯಾಂಕು ಸಾಲದ ಯೋಜನೆ ರೂಪಿಸಿದರೆ ಪೆಟ್ಟು ಬೀಳುವುದು ಸಣ್ಣ ವ್ಯಾಪಾರಿಗೆ.

2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಅಭ್ಯಾಸಕ್ಕೆ ಬೇಕಾದ ಮಾತು ಸುತ್ತಲಿನ ಮಾರುಕಟ್ಟೆಗಳಲ್ಲಿ ಯಥೇಚ್ಛವಾಗಿದೆ. ಒಂದೇ ಸಂದರ್ಶನವನ್ನು ಇಬ್ಬರು ವಿದ್ಯಾರ್ಥಿಗಳು ಪ್ರತ್ಯೇಕವಾಗಿ, ಕನ್ನಡದಲ್ಲಿಯೇ, ಕಾಗದದ ಮೇಲೆ ವಿಂಗಡಿಸಲಿ, ಭಿನ್ನಾಭಿಪ್ರಾಯ ಬಂದಲ್ಲಿ ಚರ್ಚಿಸಲಿ, ಅನಂತರವೇ ಗಣಕಯಂತ್ರ. ಹೆಸರು, ದೂರವಾಣಿ ಸಂಖ್ಯೆಗಳನ್ನು ತೆಗೆದ ಗ್ರಾಹಕರ ದೂರು ಪತ್ರಗಳನ್ನು ದಾಲ್ ಮಿಲ್ಲುಗಳವರು ಇದಕ್ಕಾಗಿ ಒದಗಿಸಬಹುದು. ಫಲಿತಾಂಶವು ಕನ್ನಡದಲ್ಲಿ ಮಿಲ್ಲಿಗೆ ಮರಳಬೇಕೆಂಬ ಷರತ್ತನ್ನು ಮಾತ್ರ ಮೊದಲೇ ಹಾಕಿಕೊಳ್ಳುವುದು ಒಳಿತು.