ಅಮಲೇರದ ವೈನ್

ಪಕ್ಕದ ಮನೆಯ ಅಜ್ಜ ಕ್ರಿಸ್‌ಮಸ್‌ಗೆ ತಾವೇ ವೈನ್ ಮಾಡುತ್ತಿದ್ದರು. ಹೋದ ವರ್ಷ ಡಾಕ್ಟರು ‘ಇನ್ನು ಕುಡಿಯಕೂಡದು’ ಎಂದರು. ಹಬ್ಬದ ದಿನ ಎಲ್ಲರ ಕೈಯಲ್ಲೂ ಗ್ಲಾಸು, ಅವರ ಕೈ ಮಾತ್ರ ಖಾಲಿ.

ಈ ಸಲ ನಾನೂ ಮೊಮ್ಮಗಳೂ ದೇವರಾಜ ಮಾರುಕಟ್ಟೆಯಿಂದ ಒಂದು ಕಿಲೋ ಬೆಂಗಳೂರು ಬ್ಲೂ ದ್ರಾಕ್ಷಿ ತಂದೆವು.

“ಅಜ್ಜಿ, ರಸ ವೈನ್ ಆಗೋದು ಹೇಗೆ?”

“ದೋಸೆ ಹಿಟ್ಟು ರಾತ್ರಿಯೆಲ್ಲ ಉಬ್ಬೋಲ್ವೇ? ಹಾಗೇ ಯೀಸ್ಟ್ ಅನ್ನೋ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆಯನ್ನ ಆಲ್ಕೋಹಾಲ್ ಮಾಡುತ್ತೆ. ಚೆನ್ನಾಗಿ ಕಾಯಿಸಿದರೆ ಯೀಸ್ಟ್ ಸಾಯುತ್ತೆ, ರಸ ರಸವಾಗೇ ಉಳಿಯುತ್ತೆ.”

1869ರಲ್ಲಿ ಅಮೆರಿಕದ ದಂತವೈದ್ಯ ಥಾಮಸ್ ವೆಲ್ಚ್ ಚರ್ಚಿಗಾಗಿ ಹೀಗೆಯೇ ಅಮಲಿಲ್ಲದ ‘ವೈನ್’ ಮಾಡಿದ್ದರು.

ಹಣ್ಣು ತೊಳೆದು, ಕಿವುಚಿ, ಚಕ್ಕೆ ಲವಂಗದ ಜೊತೆ ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿದೆವು. ಹಣ್ಣೇ ಸಿಹಿಯಿತ್ತು, ಸಕ್ಕರೆ ಬೇಕಾಗಲಿಲ್ಲ. ಸೋಸಿ, ಕುದಿನೀರಲ್ಲಿ ತೊಳೆದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟೆವು. ಎರಡು ಮೂರು ದಿನದಲ್ಲಿ ಮುಗಿಸಬೇಕು. ಗುಳ್ಳೆ ಎದ್ದರೆ ಚೆಲ್ಲಿಬಿಡಬೇಕು.

ಮಕ್ಕಳೇ, ಒಂದು ಎಚ್ಚರಿಕೆ. ಅಂಗಡಿಯ ‘ಆಲ್ಕೋಹಾಲ್‌ರಹಿತ ವೈನ್’ ಬೇರೆ. ಮೊದಲು ನಿಜವಾದ ವೈನ್ ಮಾಡಿ, ಆಮೇಲೆ ಆಲ್ಕೋಹಾಲ್ ತೆಗೆಯುತ್ತಾರೆ. ಅದರಲ್ಲಿ ಚೂರುಪಾರು ಉಳಿದಿರಬಹುದು. ಅದು ನಿಮಗಲ್ಲ.

ಹಬ್ಬದ ದಿನ ಅಜ್ಜ ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಘಮ ಹೀರಿ, ಒಂದು ಗುಟುಕು ಕುಡಿದು, ನಿಧಾನವಾಗಿ ಕಣ್ಣು ಮುಚ್ಚಿದರು. ಆಮೇಲೆ ಮೊಮ್ಮಗಳನ್ನು ಕರೆದರು: “ಪುಟ್ಟಿ, ನಿನ್ನ ಗ್ಲಾಸೂ ತಾ.”

ಇಷ್ಟು ವರ್ಷ ದೊಡ್ಡವರ ಬಾಟಲಿ ಬೇರೆ, ಮಕ್ಕಳ ಬಾಟಲಿ ಬೇರೆ ಇತ್ತು. ಅಂದು ಎಲ್ಲರಿಗೂ ಒಂದೇ.